ರಸ್ತೆಯ ಸಂವೇದಕಗಳು ಕೂಡಿ ಅಪಘಾತವನ್ನು ಪತ್ತೆ ಹಚ್ಚುವುದು ಹೇಗೆ: ಪದೇ ಪದೇ ಕೇಳುವ ಪ್ರಶ್ನೆಗಳು

ಮುಂಬಯಿ, ಪುಣೆ ಮತ್ತು ಗೋವಾದಲ್ಲಿ ನೆಲೆಸಿರುವ ಕನ್ನಡಿಗರಿಗೆ ಊರಿನ ದಾರಿ ಎಂದರೆ ಮುಂಬಯಿ–ಪುಣೆ ಎಕ್ಸ್‌ಪ್ರೆಸ್‌ವೇ, ಪುಣೆಯ ಬೈಪಾಸ್, ಕೊಲ್ಹಾಪುರದ ಮೇಲೆ ಹೋಗುವ ರಾಷ್ಟ್ರೀಯ ಹೆದ್ದಾರಿ 48, ಇಲ್ಲವೇ ಕೊಂಕಣದ ಹೆದ್ದಾರಿ 66. ಈ ದಾರಿಗಳ ಕ್ಯಾಮೆರಾ, ರಾಡಾರ್ ಮುಂತಾದವುಗಳ ಬಗ್ಗೆ ಮಾತುಕತೆಯಲ್ಲೂ ಪತ್ರಗಳಲ್ಲೂ ಮತ್ತೆ ಮತ್ತೆ ಬಂದ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಟ್ಟು ಇಲ್ಲಿ ಉತ್ತರಿಸಲಾಗಿದೆ. ಸರಳವಾದವು ಮೊದಲು, ಲೆಕ್ಕ ಬೇಡುವವು ನಂತರ.

## ಮೊದಲು ತಿಳಿಯಬೇಕಾದದ್ದು

ಅಪಘಾತವಾದರೆ ಯಾರಾದರೂ ಫೋನ್ ಮಾಡಿಯೇ ಮಾಡುತ್ತಾರಲ್ಲ, ಇಷ್ಟೆಲ್ಲ ಸೆನ್ಸರ್ ಏಕೆ ಬೇಕು?

ಫೋನ್ ಕರೆ ಇಂದಿಗೂ ಬಹಳ ಬೆಲೆಯುಳ್ಳ ಮಾಹಿತಿ. ಆದರೆ ಕರೆ ಬರಬೇಕಾದರೆ ಯಾರಾದರೂ ಘಟನೆಯನ್ನು ನೋಡಬೇಕು, ಘಾಟಿಯಲ್ಲಿ ನೆಟ್‌ವರ್ಕ್ ಸಿಗಬೇಕು, ತಾವು ಯಾವ ಜಾಗದಲ್ಲಿದ್ದೇವೆ ಎಂಬುದು ಕರೆ ಮಾಡುವವರಿಗೆ ಗೊತ್ತಿರಬೇಕು. ರಾತ್ರಿ ಎರಡು ಗಂಟೆಗೆ ಕೆಟ್ಟು ನಿಂತ ಲಾರಿಯ ಬಗ್ಗೆ ಸಾಮಾನ್ಯವಾಗಿ ಯಾರೂ ಫೋನ್ ಮಾಡುವುದಿಲ್ಲ. ಹಿಂದಿನಿಂದ ಇನ್ನೊಂದು ವಾಹನ ಬಂದು ಗುದ್ದಿದ ಮೇಲೆ ಮಾಡುತ್ತಾರೆ. ಆ ಡಿಕ್ಕಿಯನ್ನು ತಪ್ಪಿಸಬೇಕಾದರೆ ಮೊದಲನೆಯ ಘಟನೆ, ಅಂದರೆ ಲಾರಿ ನಿಂತದ್ದು, ತಾನಾಗಿ ತಿಳಿಯಬೇಕು. ಗಾಯಗೊಂಡ ನಂತರದ ಒಂದು ಗಂಟೆಯನ್ನು ‘ಗೋಲ್ಡನ್ ಅವರ್’ ಎಂದು 2019ರ ಮೋಟಾರು ವಾಹನ ತಿದ್ದುಪಡಿ ಕಾಯ್ದೆಯೇ ಗುರುತಿಸಿದೆ. ಆ ಗಂಟೆಯಲ್ಲಿ ಹತ್ತು ನಿಮಿಷ ಸ್ಥಳ ಹುಡುಕುವುದರಲ್ಲಿ ಕಳೆದರೆ ಅದನ್ನು ಮತ್ತೆ ಗಳಿಸಲು ಸಾಧ್ಯವಿಲ್ಲ.

ರಸ್ತೆಯಲ್ಲಿ ಯಾವ ಯಾವ ಸೆನ್ಸರ್ ಇರುತ್ತವೆ? ಒಂದೊಂದಕ್ಕೂ ಏನು ಕಾಣಿಸುತ್ತದೆ?

ಡಾಂಬರಿನೊಳಗೆ ಹೂತ ತಂತಿಯ ಲೂಪ್ ತನ್ನ ಮೇಲೆ ಲೋಹದ ವಾಹನ ಬಂದದ್ದನ್ನು ಮಾತ್ರ ತಿಳಿಯುತ್ತದೆ. ಅದರಿಂದ ವಾಹನಗಳ ಸಂಖ್ಯೆಯೂ, ಎಷ್ಟು ಹೊತ್ತು ಲೂಪ್ ಮುಚ್ಚಿತ್ತು ಎಂಬ ಶೇಕಡಾವಾರು ಲೆಕ್ಕವೂ ಸಿಗುತ್ತವೆ. ಈ ಎರಡನೆಯದನ್ನು ‘ಆಕ್ಯುಪೆನ್ಸಿ’ ಎನ್ನುತ್ತಾರೆ. ಕಂಬದ ಮೇಲಿನ ರಾಡಾರ್ ವೇಗವನ್ನು ನೇರವಾಗಿ ಅಳೆಯುತ್ತದೆ, ಕತ್ತಲೆಯಲ್ಲೂ ಮಂಜಿನಲ್ಲೂ ನಿಂತ ವಾಹನವನ್ನು ಗುರುತಿಸಬಲ್ಲದು, ಆದರೆ ನಿಂತದ್ದು ಕೆಟ್ಟ ಟ್ರಕ್ಕೋ ಪೊಲೀಸರ ಜೀಪೋ ಎಂದು ಹೇಳಲಾರದು. ಕ್ಯಾಮೆರಾ ಅದನ್ನು ಹೇಳಬಲ್ಲದು, ಬೆಳಕಿದ್ದರೆ. ಫಾಸ್ಟ್‌ಟ್ಯಾಗ್ ಓದುವ ಯಂತ್ರ ಮತ್ತು ನಂಬರ್ ಪ್ಲೇಟ್ ಕ್ಯಾಮೆರಾಗಳು ಎರಡು ಜಾಗಗಳ ನಡುವೆ ಒಂದು ವಾಹನಕ್ಕೆ ಹಿಡಿದ ಸಮಯವನ್ನು ಕೊಡುತ್ತವೆ. ಚಾಲಕರ ಮೊಬೈಲ್ ಮತ್ತು ಬಸ್ಸು-ಲಾರಿಗಳ ಜಿಪಿಎಸ್ ಸಾಧನಗಳಿಂದ ಬರುವ ಮಾಹಿತಿ ರಸ್ತೆಯುದ್ದಕ್ಕೂ ಹರಡಿರುತ್ತದೆ, ಆದರೆ ಅದು ವಾಹನಗಳ ಒಂದು ಪಾಲಿನದು ಮಾತ್ರ.

ಕ್ಯಾಮೆರಾ ಎಲ್ಲ ಕಡೆ ಹಾಕಿದ್ದಾರಲ್ಲ, ಅದೊಂದೇ ಸಾಲದೇ?

ಒಂದು ಸ್ಥಿರ ಕ್ಯಾಮೆರಾ ಭರವಸೆಯಿಂದ ನೋಡಬಲ್ಲದ್ದು ಕೆಲವು ನೂರು ಮೀಟರ್ ಮಾತ್ರ, ಘಾಟಿಯ ತಿರುವಿನಲ್ಲಿ ಇನ್ನೂ ಕಡಿಮೆ. ಮಳೆಗಾಲದಲ್ಲಿ ಲೋಣಾವಳ-ಖಂಡಾಳದ ಮಂಜು ಗಾಜಿನ ಮುಂದೆ ಬಂದು ನಿಂತರೆ ಸಾಲಾಗಿರುವ ಹತ್ತು ಕ್ಯಾಮೆರಾಗಳು ಒಟ್ಟಿಗೆ ಕುರುಡಾಗುತ್ತವೆ. ಈ ‘ಒಟ್ಟಿಗೆ’ ಎಂಬುದೇ ಕಷ್ಟದ ಸಂಗತಿ. ಒಂದೇ ಜಾತಿಯ ಸಂವೇದಕಗಳನ್ನು ಎಷ್ಟು ಹೆಚ್ಚಿಸಿದರೂ ಅವು ಒಂದೇ ಕಾರಣಕ್ಕೆ, ಒಂದೇ ಗಳಿಗೆಯಲ್ಲಿ ಸೋಲುತ್ತವೆ.

ಮೊಬೈಲ್ ನಕ್ಷೆಯಲ್ಲಿ ಕೆಂಪು ಗೆರೆ ಕಂಡರೆ ಅಪಘಾತ ಆಗಿದೆ ಎಂದೇ ಅರ್ಥವೇ?

ಅಲ್ಲ. ಠಾಣೆಯ ಘೋಡಬಂದರ್ ರಸ್ತೆಯಲ್ಲಾಗಲಿ, ಅಂಧೇರಿಯ ಬಳಿ ವೆಸ್ಟರ್ನ್ ಎಕ್ಸ್‌ಪ್ರೆಸ್ ಹೈವೇಯಲ್ಲಾಗಲಿ ಸಂಜೆ ಏಳಕ್ಕೆ ಗೆರೆ ಕೆಂಪಾಗುವುದು ನಿತ್ಯದ ಸಂಗತಿ. ವಾರದ ಅದೇ ದಿನ, ಅದೇ ಹೊತ್ತಿಗೆ ಸಾಮಾನ್ಯವಾಗಿ ಎಷ್ಟು ವೇಗ ಇರುತ್ತದೋ ಅದಕ್ಕಿಂತ ಇಂದು ಎಷ್ಟು ಕುಸಿದಿದೆ, ಎಷ್ಟು ಥಟ್ಟನೆ ಕುಸಿದಿದೆ ಎಂಬುದನ್ನು ನೋಡಬೇಕು. ನಗರದೊಳಗೆ ಇನ್ನೊಂದು ತೊಡಕೂ ಇದೆ: ನಿಂತ ಕಾರುಗಳ ಸಂದಿಯಲ್ಲಿ ಬೈಕ್‌ಗಳು ನುಸುಳಿ ಹೋಗುವಾಗ ಸವಾರರ ಮೊಬೈಲ್‌ಗಳು ‘ಸಂಚಾರ ನಡೆಯುತ್ತಿದೆ’ ಎಂದೇ ಸೂಚಿಸುತ್ತವೆ. ದ್ವಿಚಕ್ರಗಳಿಗೆ ಪ್ರವೇಶವಿಲ್ಲದ ಎಕ್ಸ್‌ಪ್ರೆಸ್‌ವೇ, ಬಾಂದ್ರಾ–ವರಳಿ ಸೇತುವೆ, ಅಟಲ್ ಸೇತುಗಳಲ್ಲಿ ಈ ತೊಡಕು ಇಲ್ಲ.

ರಾತ್ರಿ ಬಸ್ಸಿನಲ್ಲಿ ಊರಿಗೆ ಹೋಗುವಾಗ ಅಪಘಾತ ಕಂಡರೆ ನಾನು ಏನೆಂದು ತಿಳಿಸಬೇಕು?

112ಕ್ಕೆ ಅಥವಾ ಆಂಬ್ಯುಲೆನ್ಸ್‌ಗಾಗಿ 108ಕ್ಕೆ ಕರೆ ಮಾಡಿ. ರಾಷ್ಟ್ರೀಯ ಹೆದ್ದಾರಿಯಾದರೆ 1033 ಕೂಡ ಇದೆ. ಮೊದಲ ವಾಕ್ಯದಲ್ಲೇ ವಾಹನ ಯಾವ ಊರಿನ ಕಡೆಗೆ ಹೋಗುತ್ತಿದ್ದ ಬದಿಯಲ್ಲಿದೆ ಎಂದು ಹೇಳಿ. ನಂತರ ಹತ್ತಿರದ ಕಿಲೋಮೀಟರ್ ಫಲಕದ ಸಂಖ್ಯೆ, ಆಮೇಲೆ ಎಷ್ಟು ಲೇನ್ ಮುಚ್ಚಿದೆ, ಬೆಂಕಿ ಅಥವಾ ಟ್ಯಾಂಕರ್ ಇದೆಯೇ, ಒಳಗೆ ಯಾರಾದರೂ ಸಿಲುಕಿದ್ದಾರೆಯೇ ಎಂಬುದು. ಬೇರೆಯವರು ಈಗಾಗಲೇ ತಿಳಿಸಿರಬಹುದು ಎಂದು ಸುಮ್ಮನಿರಬೇಡಿ, ಏಕೆಂದರೆ ಒಂದೇ ಜಾಗದ ಬಗ್ಗೆ ಬಂದ ಎರಡನೆಯ ಕರೆ ಮೊದಲನೆಯದನ್ನು ಗಟ್ಟಿ ಮಾಡುತ್ತದೆ. ಸದುದ್ದೇಶದಿಂದ ನೆರವಾದವರಿಗೆ ಮೋಟಾರು ವಾಹನ ಕಾಯ್ದೆಯ 134ಎ ಕಲಮು ರಕ್ಷಣೆ ಕೊಡುತ್ತದೆ. ಹೆಸರು ಹೇಳಲೇಬೇಕೆಂಬ ಒತ್ತಾಯವಿಲ್ಲ.

## ಪತ್ತೆ ಹಚ್ಚುವ ಲೆಕ್ಕ

ಬರೀ ಸಂಖ್ಯೆಗಳನ್ನು ನೋಡಿ ಕಂಪ್ಯೂಟರ್‌ಗೆ ಅಪಘಾತ ಆಗಿದೆ ಎಂದು ಹೇಗೆ ತಿಳಿಯುತ್ತದೆ?

ರಸ್ತೆ ಒಂದೆಡೆ ಕಟ್ಟಿಕೊಂಡರೆ ಹಿಂದಿನ ಸಂವೇದಕದ ಬಳಿ ವಾಹನಗಳು ಒತ್ತೊತ್ತಾಗಿ ನಿಲ್ಲುತ್ತವೆ, ಮುಂದಿನದರ ಬಳಿ ರಸ್ತೆ ಬರಿದಾಗುತ್ತದೆ. ಈ ಎರಡೂ ಒಟ್ಟಿಗೆ ನಡೆದವೇ ಎಂದು ಪರೀಕ್ಷಿಸುವುದೇ ‘ಕ್ಯಾಲಿಫೋರ್ನಿಯಾ ಅಲ್ಗಾರಿದಮ್’ ಎಂಬ ಹಳೆಯ ವಿಧಾನ. ಹಿಂದಿನ ಮತ್ತು ಮುಂದಿನ ಆಕ್ಯುಪೆನ್ಸಿಗಳ ಅಂತರ, ಆ ಅಂತರ ಹಿಂದಿನದರ ಎಷ್ಟು ಪಾಲು, ಮುಂದಿನದು ಕೆಲವು ನಿಮಿಷಗಳಲ್ಲಿ ಎಷ್ಟು ಇಳಿದಿದೆ ಎಂಬ ಮೂರೂ ಮಿತಿ ದಾಟಿದರೆ ಎಚ್ಚರಿಕೆ ಹೊರಡುತ್ತದೆ. ಕೆನಡಾದ ಮ್ಯಾಕ್‌ಮಾಸ್ಟರ್ ವಿಧಾನ ಒಂದೇ ಜಾಗದ ಹರಿವು (ಇಂತಿಷ್ಟು ಹೊತ್ತಿನಲ್ಲಿ ದಾಟುವ ವಾಹನಗಳ ಸಂಖ್ಯೆ) ಮತ್ತು ಆಕ್ಯುಪೆನ್ಸಿಯ ಸಂಬಂಧವನ್ನು ನೋಡುತ್ತದೆ. ಬ್ರಿಟನ್ನಿನ ಮೋಟಾರ್‌ವೇಗಳಲ್ಲಿರುವ ‘ಮೈಡಾಸ್’ ವ್ಯವಸ್ಥೆ ಲೂಪ್‌ಗಳಿಂದ ನಿಂತ ವಾಹನಗಳ ಸಾಲಿನ ಬಾಲವನ್ನು ಗುರುತಿಸಿ ಹಿಂದೆ ಬರುವವರಿಗೆ ವೇಗಮಿತಿಯ ಫಲಕ ಬೆಳಗಿಸುತ್ತದೆ.

ರಸ್ತೆ ಎಷ್ಟು ಕಟ್ಟಿಕೊಳ್ಳುತ್ತದೆ ಎಂಬುದು ಹಲವರ ಊಹೆಗಿಂತ ಹೆಚ್ಚು. ಒಂದೇ ದಿಕ್ಕಿನ ಮೂರು ಲೇನ್‌ಗಳಲ್ಲಿ ಒಂದು ಮುಚ್ಚಿದರೆ ಮೂರನೆಯ ಎರಡರಷ್ಟು ಸಾಮರ್ಥ್ಯ ಉಳಿಯಬೇಕು ಎಂದುಕೊಳ್ಳುತ್ತೇವೆ. ಅಮೆರಿಕದ ಹೆದ್ದಾರಿ ಸಾಮರ್ಥ್ಯ ಕೈಪಿಡಿಯ ಪ್ರಕಾರ ಉಳಿಯುವುದು ಶೇಕಡ 49, ಎರಡು ಮುಚ್ಚಿದರೆ ಶೇಕಡ 17. ತೆರೆದ ಲೇನಿನವರೂ ನಿಧಾನಿಸಿ ನೋಡುತ್ತ ಹೋಗುವುದು, ಲೇನ್ ಬದಲಿಸುವವರ ನುಗ್ಗಾಟ, ಇವೇ ಕಾರಣ. ಡಿಕ್ಕಿಯಾದ ವಾಹನಗಳನ್ನು ರಸ್ತೆಯಂಚಿಗೆ ಸರಿಸಿದ ಮೇಲೂ ಶೇಕಡ 17ರಷ್ಟು ಸಾಮರ್ಥ್ಯ ಕಳೆದೇ ಇರುತ್ತದೆ.

ಸುಳ್ಳು ಎಚ್ಚರಿಕೆ ಸಾವಿರಕ್ಕೆ ಒಂದೇ ಎನ್ನುತ್ತಾರೆ. ಅದು ಒಳ್ಳೆಯದೇ ಅಲ್ಲವೇ?

ಕೇಳಲು ಒಳ್ಳೆಯದು, ನಿಯಂತ್ರಣ ಕೊಠಡಿಯಲ್ಲಿ ಕುಳಿತವರಿಗೆ ಅಲ್ಲ. ನೂರು ಸಂವೇದಕ ಜಾಗಗಳು ಮೂವತ್ತು ಸೆಕೆಂಡಿಗೊಮ್ಮೆ ತೀರ್ಮಾನಿಸುತ್ತವೆ ಎಂದಿಟ್ಟುಕೊಳ್ಳೋಣ. ದಿನಕ್ಕೆ 2,88,000 ತೀರ್ಮಾನಗಳು. ಸಾವಿರಕ್ಕೆ ಒಂದು ತಪ್ಪಿದರೂ 288 ಸುಳ್ಳು ಎಚ್ಚರಿಕೆಗಳು, ಅಂದರೆ ಹಗಲಿರುಳು ಐದು ನಿಮಿಷಕ್ಕೊಂದು. ಇಂಥ ವ್ಯವಸ್ಥೆಯ ಮುಂದೆ ಕುಳಿತವರು ಕೆಲವೇ ದಿನಗಳಲ್ಲಿ ಅದರ ಸದ್ದನ್ನು ಅಡಗಿಸಿಬಿಡುತ್ತಾರೆ, ಅವರನ್ನು ದೂರುವಂತಿಲ್ಲ. ಆದ್ದರಿಂದ ಮಾರಾಟಗಾರರು ಶೇಕಡಾವಾರು ಹೇಳಿದಾಗ ‘ದಿನಕ್ಕೆ ಎಷ್ಟು?’ ಎಂದು ಕೇಳಬೇಕು. ಎರಡು-ಮೂರು ಸುತ್ತು ಕಾದು ಖಚಿತಪಡಿಸಿಕೊಂಡರೆ ಸುಳ್ಳು ಕಡಿಮೆಯಾಗುತ್ತದೆ, ಆದರೆ ಪ್ರತಿ ಸುತ್ತಿಗೂ ಅರ್ಧ ನಿಮಿಷ ತೆರಬೇಕು.

ಬೇರೆ ಬೇರೆ ಸೆನ್ಸರ್ ಸೇರಿಸಿದರೆ ಗೊಂದಲವೇ ಹೆಚ್ಚಾಗುವುದಿಲ್ಲವೇ?

ಸರಿಯಾಗಿ ಸೇರಿಸಿದರೆ ಇಲ್ಲ. ಒಂದು ರಸ್ತೆ ತುಂಡಿನಲ್ಲಿ ಒಂದು ನಿರ್ದಿಷ್ಟ ನಿಮಿಷ ಘಟನೆ ನಡೆಯುತ್ತಿರುವ ಸಂಭವ ಹತ್ತು ಸಾವಿರಕ್ಕೆ ಒಂದು ಎಂದುಕೊಳ್ಳಿ. ಘಟನೆ ಇದ್ದಾಗ ಎಚ್ಚರಿಸುವ ಸಾಧ್ಯತೆ ಇಲ್ಲದಾಗಿನದಕ್ಕಿಂತ ಐವತ್ತು ಪಟ್ಟು ಹೆಚ್ಚಿರುವ ರಾಡಾರ್ ಎಚ್ಚರಿಸಿತು: ಸಂಭವ ಇನ್ನೂರಕ್ಕೆ ಒಂದಾಯಿತು, ಇನ್ನೂ ಆಂಬ್ಯುಲೆನ್ಸ್ ಕಳಿಸುವಂತಿಲ್ಲ. ಅಷ್ಟೇ ಗಟ್ಟಿಯಾದ ಇನ್ನೊಂದು ಮೂಲ, ಜಿಪಿಎಸ್ ವೇಗದ ಕುಸಿತ, ಅದನ್ನೇ ಹೇಳಿತು: ಇರುವ ಸಾಧ್ಯತೆಗೂ ಇಲ್ಲದಿರುವ ಸಾಧ್ಯತೆಗೂ ಒಂದಕ್ಕೆ ನಾಲ್ಕರ ಅನುಪಾತವಾಯಿತು. ನಲವತ್ತು ಪಟ್ಟಿನ ಬೆಲೆಯುಳ್ಳ ಒಂದು ಫೋನ್ ಕರೆ ಬಂದೊಡನೆ ಲೆಕ್ಕ ತಿರುಗಿ, ಇರುವ ಸಾಧ್ಯತೆ ಇಲ್ಲದಿರುವುದರ ಹತ್ತು ಪಟ್ಟಾಗುತ್ತದೆ. ಒಂಟಿಯಾಗಿ ಯಾವುದೂ ಸಾಲದ ಮೂರು ಸುಳಿವುಗಳು ಕೂಡಿ ನಂಬಿಕೆಗೆ ಅರ್ಹವಾದವು. ಹೊಸ ಸುಳಿವು ಬಂದಂತೆ ಸಂಭವವನ್ನು ತಿದ್ದುವ ಬೇಯ್ಸ್ ಸೂತ್ರದ ಈ ಗುಣಾಕಾರಕ್ಕೆ ಒಂದೇ ಷರತ್ತು: ಸುಳಿವುಗಳ ತಪ್ಪುಗಳು ಪರಸ್ಪರ ಸ್ವತಂತ್ರವಾಗಿರಬೇಕು. ಒಂದೇ ಮಂಜಿನಲ್ಲಿ ನಿಂತ ಎರಡು ಕ್ಯಾಮೆರಾಗಳನ್ನು ಎರಡು ಸಾಕ್ಷಿಗಳೆಂದು ಗುಣಿಸಿದರೆ ಸುಳ್ಳೇ ಸತ್ಯದಂತೆ ಬೆಳೆಯುತ್ತದೆ.

ಒಂದು ಸೆನ್ಸರ್ ಹೌದು ಎಂದು, ಇನ್ನೊಂದು ಇಲ್ಲ ಎಂದು ಹೇಳಿದರೆ ಯಾವುದನ್ನು ನಂಬಬೇಕು?

ಹಲವು ಸಲ ಎರಡೂ ನಿಜ ಹೇಳುತ್ತಿರುತ್ತವೆ, ಮತ್ತು ಆ ಭಿನ್ನಮತವೇ ಘಟನೆಯ ಸ್ವರೂಪವನ್ನು ತಿಳಿಸುತ್ತದೆ. ರಾಡಾರ್ ‘ವಾಹನ ನಿಂತಿದೆ’ ಎನ್ನುತ್ತದೆ, ಹರಿವು ಮಾಮೂಲಿನಂತಿದೆ ಎಂದರೆ ಅದು ರಸ್ತೆಯಂಚಿನಲ್ಲಿ ನಿಂತಿರಬಹುದು. ಕ್ರೇನ್ ಬೇಕು, ದಾರಿ ಬದಲಿಸುವುದು ಬೇಡ. ವೇಗ ಕುಸಿದಿದೆ, ಆದರೆ ಆ ಬದಿಯ ಕ್ಯಾಮೆರಾದಲ್ಲಿ ಏನೂ ಇಲ್ಲ ಎಂದರೆ ಎದುರು ಬದಿಯ ಅಪಘಾತವನ್ನು ನೋಡಲು ಜನ ನಿಧಾನಿಸುತ್ತಿರಬಹುದು.

ಇಲ್ಲಿ ಬೇರ್ಪಡಿಸಲೇಬೇಕಾದ ಎರಡು ಸಂಗತಿಗಳಿವೆ: ‘ಏನೂ ಆಗಿಲ್ಲ’ ಎಂಬ ಸಾಕ್ಷ್ಯ ಒಂದು, ‘ನನಗೆ ಕಾಣುತ್ತಿಲ್ಲ’ ಎಂಬ ಮೌನ ಇನ್ನೊಂದು. ಸಂಪರ್ಕ ಕಡಿದ ಸಂವೇದಕದಿಂದ ಬರುವ ಸೊನ್ನೆಯನ್ನು ಖಾಲಿ ರಸ್ತೆ ಎಂದು ಓದುವುದು ಅಪಾಯಕಾರಿ. ಸಾಕ್ಷ್ಯಗಳನ್ನು ಕೂಡಿಸುವ ಡೆಂಪ್‌ಸ್ಟರ್–ಶೇಫರ್ ಸಿದ್ಧಾಂತದಲ್ಲಿ ಈ ಅಜ್ಞಾನಕ್ಕೆ ಪ್ರತ್ಯೇಕ ಪಾಲನ್ನೇ ಕೊಡಲಾಗುತ್ತದೆ. ಸರಳ ವ್ಯವಸ್ಥೆಯಲ್ಲೂ ಪ್ರತಿ ಸಂವೇದಕದ ಆರೋಗ್ಯವನ್ನು ಬೇರೆ ಕಾಲಮ್ಮಿನಲ್ಲಿ ಇಟ್ಟರೆ ಅರ್ಧ ಕೆಲಸವಾಗುತ್ತದೆ.

## ಎಲ್ಲಿ ಎಂಬ ಪ್ರಶ್ನೆ

ಅಪಘಾತ ಎರಡು ಸೆನ್ಸರ್‌ಗಳ ನಡುವೆ ಆದರೆ ಜಾಗವನ್ನು ಹೇಗೆ ಲೆಕ್ಕ ಹಾಕುತ್ತಾರೆ?

ಪತ್ತೆ ಹಚ್ಚುವುದರ ಬಗ್ಗೆ ನಡೆಯುವಷ್ಟು ಚರ್ಚೆ ಸ್ಥಳ ಗುರುತಿಸುವುದರ ಬಗ್ಗೆ ನಡೆಯುವುದಿಲ್ಲ, ಆದರೆ ಆಂಬ್ಯುಲೆನ್ಸ್ ಚಾಲಕರಿಗೆ ಬೇಕಾದದ್ದು ಎರಡನೆಯದೇ. ಹಾಗಾಗಿ ಈ ಲೆಕ್ಕವನ್ನು ಪೂರ್ತಿ ನೋಡೋಣ.

ಗಂಟೆಗೆ 3,600 ವಾಹನಗಳು 80 ಕಿ.ಮೀ. ವೇಗದಲ್ಲಿ ಸಾಗುತ್ತಿದ್ದರೆ ಪ್ರತಿ ಕಿಲೋಮೀಟರಿನಲ್ಲಿ 45 ವಾಹನಗಳಿರುತ್ತವೆ. ಘಟನೆಯಿಂದಾಗಿ ಗಂಟೆಗೆ 1,800 ಮಾತ್ರ ದಾಟಬಲ್ಲವು, ಹಿಂದಿನ ಸಾಲಿನಲ್ಲಿ ಮೂರು ಲೇನ್ ಕೂಡಿ ಕಿಲೋಮೀಟರಿಗೆ 225 ವಾಹನಗಳು ಒತ್ತಿಕೊಂಡಿವೆ ಎನ್ನೋಣ. ಹರಿವಿನ ವ್ಯತ್ಯಾಸ 1,800; ಸಾಂದ್ರತೆಯ ವ್ಯತ್ಯಾಸ 180; ಭಾಗಿಸಿದರೆ ಸಾಲಿನ ಬಾಲ ಗಂಟೆಗೆ 10 ಕಿ.ಮೀ. ವೇಗದಲ್ಲಿ ಹಿಂದಕ್ಕೆ ಬೆಳೆಯುತ್ತದೆ. 1955ರಲ್ಲಿ ಲೈಟ್‌ಹಿಲ್ ಮತ್ತು ವಿದಮ್, 1956ರಲ್ಲಿ ರಿಚರ್ಡ್ಸ್ ಕೊಟ್ಟ ಸಂಚಾರ ಅಲೆಯ ಸಿದ್ಧಾಂತ ಇದು. ಅದೇ ಹೊತ್ತಿಗೆ ಘಟನೆಯ ಮುಂದೆ ‘ವಾಹನ ಕಡಿಮೆಯಾಯಿತು’ ಎಂಬ ಇನ್ನೊಂದು ಅಲೆ ವಾಹನಗಳ ವೇಗದಲ್ಲೇ, ಅಂದರೆ ಸುಮಾರು 80 ಕಿ.ಮೀ. ವೇಗದಲ್ಲಿ ಮುಂದಕ್ಕೆ ಹೋಗುತ್ತದೆ.

ಎರಡು ಸಂವೇದಕಗಳ ನಡುವೆ ಒಂದು ಕಿಲೋಮೀಟರ್ ಇದೆ. ಮುಂದಿನದಕ್ಕೆ ಹರಿವಿನ ಇಳಿತ ಕಂಡ ಎರಡು ನಿಮಿಷದ ನಂತರ ಹಿಂದಿನದಕ್ಕೆ ಸಾಲಿನ ಬಾಲ ಮುಟ್ಟಿತು. ಸಾಲು ಒಂದು ಕಿ.ಮೀ. ಬೆಳೆಯಲು ಆರು ನಿಮಿಷ, ಮುಂದಿನ ಅಲೆ ಒಂದು ಕಿ.ಮೀ. ಹೋಗಲು ಮುಕ್ಕಾಲು ನಿಮಿಷ. ಎರಡನ್ನೂ ಕೂಡಿಸಿ ಸಮೀಕರಣ ಬಿಡಿಸಿದರೆ ಘಟನೆ ಹಿಂದಿನ ಸಂವೇದಕದಿಂದ ಸುಮಾರು 400 ಮೀಟರ್ ಮುಂದೆ ನಡೆದಿದೆ ಎಂದು ಬರುತ್ತದೆ. ಘಟನೆ ನಡೆದ ಕ್ಷಣ ಯಾರಿಗೂ ಗೊತ್ತಿಲ್ಲದಿದ್ದರೂ ಸ್ಥಳವೂ ಸಮಯವೂ ಒಟ್ಟಿಗೆ ಸಿಕ್ಕವು. ನಿಜಜೀವನದಲ್ಲಿ ಈ 400ರ ಎರಡೂ ಕಡೆಗೆ ಅನಿಶ್ಚಿತತೆ ಇರುತ್ತದೆ. ಆ ವ್ಯಾಪ್ತಿಯೊಳಗಿನ ಜಿಪಿಎಸ್ ಬಿಂದುಗಳಲ್ಲಿ ವೇಗ ಸೊನ್ನೆಯಿಂದ ಮತ್ತೆ ಏರುವ ಜಾಗವನ್ನು ನೋಡಿದರೆ ಅದು ಇನ್ನಷ್ಟು ಕಿರಿದಾಗುತ್ತದೆ, ಏಕೆಂದರೆ ಆ ಏರಿಕೆ ಶುರುವಾಗುವುದು ಅಡ್ಡಿಯ ಮುಂಭಾಗದಲ್ಲೇ.

ರಾತ್ರಿ ವಾಹನ ಕಡಿಮೆ ಇರುವಾಗಲೂ ಈ ಲೆಕ್ಕ ನಡೆಯುತ್ತದೆಯೇ?

ನಡೆಯುವುದಿಲ್ಲ. ಗಂಟೆಗೆ ಇನ್ನೂರು ವಾಹನಗಳಿದ್ದರೆ ಉಳಿದ ಒಂದು ಲೇನಿನಲ್ಲೇ ಎಲ್ಲವೂ ದಾಟುತ್ತವೆ, ಸಾಲೇ ಬೆಳೆಯುವುದಿಲ್ಲ. ಆಗ ನಿಂತ ವಾಹನವನ್ನು ನೇರವಾಗಿ ಕಾಣಬಲ್ಲ ರಾಡಾರ್, ಶಾಖ ಅರಿಯುವ ಕ್ಯಾಮೆರಾಗಳೇ ಗತಿ. ‘ಒಂದು ಕಡೆ ಹೊಕ್ಕ ವಾಹನ ಇನ್ನೊಂದು ಕಡೆ ಹೊರಬರಲಿಲ್ಲ’ ಎಂಬ ಲೆಕ್ಕವೂ ಇದೆ, ಆದರೆ ಖಾಲಾಪುರದಂಥ ಟೋಲ್ ನಾಕಾಗಳ ಅಂತರ ದೊಡ್ಡದು, ಮತ್ತು ತಡವಾದವರು ಫುಡ್ ಮಾಲ್‌ನಲ್ಲಿ ಚಹಾ ಕುಡಿಯುತ್ತಿರಬಹುದು. ಬೆಳಗಾವಿ-ಧಾರವಾಡದಿಂದ ಗೋವಾಕ್ಕೆ ಇಳಿಯುವ ಚೋರ್ಲಾ, ಅನಮೋಡ ಘಾಟಿಗಳಂಥ ರಸ್ತೆಗಳಲ್ಲಿ ಹರಿವಿನ ಲೆಕ್ಕಕ್ಕೆ ಹಣ ಸುರಿಯುವುದಕ್ಕಿಂತ ಅಪಾಯದ ತಿರುವುಗಳಲ್ಲಿ ನೇರ ಸಂವೇದಕ ಮತ್ತು ಸರಿಯಾದ ಮೊಬೈಲ್ ಸಂಪರ್ಕ ಕೊಡುವುದೇ ಮೇಲು ಎಂಬುದು ನನ್ನ ಅಭಿಪ್ರಾಯ.

ಜಿಪಿಎಸ್ ಇದ್ದ ಮೇಲೆ ಸ್ಥಳದ ಪ್ರಶ್ನೆಯೇ ಏಕೆ?

ತೆರೆದ ಆಕಾಶದಡಿ ಮೊಬೈಲ್ ಜಿಪಿಎಸ್ ಐದು-ಹತ್ತು ಮೀಟರ್ ಆಚೀಚೆ ಹೇಳುತ್ತದೆ. ವಿಭಜಕದ ಎರಡು ಬದಿಗಳನ್ನು ಗೊಂದಲಗೊಳಿಸಲು ಅಷ್ಟೇ ಸಾಕು. 94.5 ಕಿ.ಮೀ. ಉದ್ದದ ಎಕ್ಸ್‌ಪ್ರೆಸ್‌ವೇಯಲ್ಲಾಗಲಿ, 21.8 ಕಿ.ಮೀ. ಉದ್ದದ ಅಟಲ್ ಸೇತುವಿನಲ್ಲಾಗಲಿ ಆಂಬ್ಯುಲೆನ್ಸ್ ತಪ್ಪು ಬದಿಗೆ ಹೊಕ್ಕರೆ ಹತ್ತು ಮೀಟರಿನ ತಪ್ಪು ಹಲವು ಕಿಲೋಮೀಟರಿನ ಸುತ್ತಾಗುತ್ತದೆ. ಬೋರಘಾಟಿನಲ್ಲಿ ಹಳೆಯ ಹೆದ್ದಾರಿ ಪಕ್ಕದಲ್ಲೇ ಸಾಗುತ್ತದೆ, ಸ್ವಲ್ಪ ದೂರ ಎಕ್ಸ್‌ಪ್ರೆಸ್‌ವೇಯೊಂದಿಗೆ ಕೂಡಿಯೂ ಹೋಗುತ್ತದೆ. ಮುಂಬಯಿಯಲ್ಲಿ ಫ್ಲೈಓವರ್ ಮತ್ತು ಅದರ ಕೆಳಗಿನ ರಸ್ತೆಗೆ ನಕ್ಷೆಯಲ್ಲಿ ಒಂದೇ ಬಿಂದು. ಕೋಸ್ಟಲ್ ರೋಡಿನ ಎರಡು ಕಿಲೋಮೀಟರಿಗೂ ಮಿಕ್ಕಿದ ಸುರಂಗದಲ್ಲಿ ಉಪಗ್ರಹದ ಸಂಕೇತವೇ ಇಲ್ಲ.

ಪರಿಹಾರ ಎಂದರೆ ಒಂದು ಬಿಂದುವನ್ನು ನಂಬದೆ ಪಥವನ್ನು ನಂಬುವುದು. ವಾಹನ ಕಳೆದ ಕೆಲವು ನಿಮಿಷ ಯಾವ ದಿಕ್ಕಿಗೆ ಚಲಿಸಿತು, ಆ ಫ್ಲೈಓವರ್ ಏರುವ ರ‍್ಯಾಂಪನ್ನು ದಾಟಿತೇ ಎಂಬ ಸರಣಿಯಿಂದ ಹೆಚ್ಚು ಸಂಭವನೀಯ ರಸ್ತೆಯನ್ನು ಆರಿಸಲಾಗುತ್ತದೆ. ಸುರಂಗದಲ್ಲಿ ಕ್ಯಾಮೆರಾ, ರಾಡಾರ್ ಮತ್ತು ಶಾಖ ಅರಿಯುವ ಕೇಬಲ್‌ಗಳು ಆ ಕೆಲಸ ಮಾಡಬೇಕು. ಅಂತಿಮವಾಗಿ ಹೊರಡುವ ಸಂದೇಶ ಅಕ್ಷಾಂಶ-ರೇಖಾಂಶವಾಗಿರದೆ ‘ಪುಣೆ ಕಡೆಗಿನ ಬದಿ, ಇಂಥ ಕಿಲೋಮೀಟರ್, ಮೂರನೆಯ ಲೇನ್’ ಎಂದಿರಬೇಕು.

## ನಮ್ಮ ರಸ್ತೆ, ನಮ್ಮ ಮಳೆ

ಹೊರದೇಶದ ಸಾಫ್ಟ್‌ವೇರ್ ತಂದು ಹಾಕಿದರೆ ಆಗುವುದಿಲ್ಲವೇ?

ಹಾಗೆಯೇ ಹಾಕಿದರೆ ಆಗುವುದಿಲ್ಲ. ಅಲ್ಲಿನ ಸೂತ್ರಗಳು ವಾಹನಗಳು ಲೇನ್ ಹಿಡಿದು ಹೋಗುತ್ತವೆ ಎಂದೇ ಭಾವಿಸಿವೆ. ನಮ್ಮಲ್ಲಿ ಒಂದು ಲೂಪಿನ ಮೇಲೆ ಅರ್ಧ ರಿಕ್ಷಾ, ಎರಡು ಬೈಕ್ ಒಟ್ಟಿಗೆ ಬರುತ್ತವೆ. ಐಐಟಿ ಮದ್ರಾಸ್‌ನ ಸಂಶೋಧಕರು ದೊಡ್ಡ ಲೂಪಿನೊಳಗೆ ಹಲವು ಚಿಕ್ಕ ಲೂಪ್‌ಗಳನ್ನು ಜೋಡಿಸಿ ಇಂಥ ಮಿಶ್ರ ಸಂಚಾರವನ್ನು ಎಣಿಸುವ ವಿಧಾನ ರೂಪಿಸಿದ್ದಾರೆ. ಮಿತಿಗಳೂ ಜಾಗಕ್ಕೆ ತಕ್ಕಂತೆ ಬೇರೆ ಬೇಕು: ಘಾಟಿ ಏರುವ ಭಾರದ ಲಾರಿಯ ತೆವಳುವ ವೇಗ ಅಲ್ಲಿ ಸಹಜ, ಸಮತಟ್ಟಿನಲ್ಲಿ ಎಚ್ಚರಿಕೆಯ ಗುರುತು. ಪುಣೆಯ ನವಲೆ ಸೇತುವೆಯ ಕಡೆಗಿನ ಇಳಿಜಾರಿನಲ್ಲಿ ಲೆಕ್ಕ ತಿರುವುಮುರುವು. ಅಲ್ಲಿ ಅಪಾಯದ ಮುನ್ಸೂಚನೆ ವೇಗ ಕುಸಿಯುವುದಲ್ಲ, ಭಾರದ ವಾಹನದ ವೇಗ ಏರುತ್ತಲೇ ಹೋಗುವುದು.

ಮಳೆಗಾಲದಲ್ಲಿ ಈ ವ್ಯವಸ್ಥೆಯನ್ನು ನಂಬಬಹುದೇ?

ಮಳೆಯೂ ಒಂದು ಮಾಹಿತಿ ಎಂದು ಒಳಗೆ ಸೇರಿಸಿಕೊಂಡಿದ್ದರೆ ನಂಬಬಹುದು. ಮಳೆಮಾಪಕ ಜೋರು ಮಳೆಯನ್ನು ತೋರಿಸುವಾಗ ಕ್ಯಾಮೆರಾದ ಮಾತಿಗೆ ತೂಕ ಕಡಿಮೆ ಮಾಡಿ ರಾಡಾರಿಗೆ ಹೆಚ್ಚಿಸಬೇಕು, ಎಲ್ಲೆಡೆ ವೇಗ ಇಳಿಯುವುದನ್ನು ಸಹಜವೆಂದು ಎಣಿಸಬೇಕು. 2015ರ ಜುಲೈನಲ್ಲಿ ಆಡೋಶಿ ಸುರಂಗದ ಬಳಿ ಗುಡ್ಡದ ಬಂಡೆಗಳು ಎಕ್ಸ್‌ಪ್ರೆಸ್‌ವೇ ಮೇಲೆ ಉರುಳಿದ್ದವು. ಅಂಥ ಕಡೆ ಇಳಿಜಾರಿನ ಚಲನೆಯನ್ನು ಅಳೆಯುವ ಸಂವೇದಕವನ್ನೂ ಇದೇ ಲೆಕ್ಕಕ್ಕೆ ಜೋಡಿಸಬೇಕು.

ಸೆನ್ಸರ್‌ಗಳ ಗಡಿಯಾರ ಸ್ವಲ್ಪ ಹಿಂದುಮುಂದಾದರೆ ಏನಾಗುತ್ತದೆ?

ಮೇಲೆ ಹಾಕಿದ ವಾಹನಗಳ ಸಾಲಿನ ಲೆಕ್ಕದಲ್ಲಿ 20 ಸೆಕೆಂಡಿನ ವ್ಯತ್ಯಾಸ ಸುಮಾರು 50 ಮೀಟರಿನ ತಪ್ಪನ್ನು ತರುತ್ತದೆ, 80 ಕಿ.ಮೀ. ವೇಗದ ವಾಹನವನ್ನು ಎರಡು ಕಡೆ ಹೊಂದಿಸುವಾಗ ಅದೇ 20 ಸೆಕೆಂಡು 440 ಮೀಟರಿಗೂ ಹೆಚ್ಚು. ಎಲ್ಲ ಸಾಧನಗಳೂ ಒಂದೇ ಸಮಯ ಸರ್ವರಿಗೆ ಹೊಂದಿಕೊಂಡಿರಬೇಕು, ಮಾಹಿತಿ ಅಳೆದ ಸಮಯ ಮತ್ತು ತಲುಪಿದ ಸಮಯ ಎರಡನ್ನೂ ಬರೆದಿಡಬೇಕು.

ನನ್ನ ಗಾಡಿ ಎಲ್ಲೆಲ್ಲಿ ಹೋಯಿತು ಎಂಬುದೆಲ್ಲ ಇದರಿಂದ ದಾಖಲಾಗುತ್ತದೆಯೇ?

ನಂಬರ್ ಪ್ಲೇಟ್ ಓದಿದರೆ ದಾಖಲಾಗಬಹುದು, ಆದರೆ ಅಪಘಾತ ಪತ್ತೆಗೆ ಅದರ ಅಗತ್ಯವಿಲ್ಲ. ಪ್ಲೇಟಿನ ಸಂಖ್ಯೆಯನ್ನು ಓದಿದ ಜಾಗದಲ್ಲೇ ಗುಪ್ತ ಸಂಕೇತವಾಗಿ ಬದಲಿಸಿ, ಆ ಸಂಕೇತವನ್ನು ದಿನದಿನಕ್ಕೆ ಬದಲಾಯಿಸಿ, ಪ್ರಯಾಣದ ಸಮಯ ಸಿಕ್ಕೊಡನೆ ಅಳಿಸಿಬಿಡಬಹುದು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಈ ಕ್ರಮವನ್ನು ಟೆಂಡರಿನಲ್ಲೇ ಬರೆಯಿಸುವುದು ಅವಶ್ಯ.

ನಾನು ಎಂಜಿನಿಯರಿಂಗ್ ವಿದ್ಯಾರ್ಥಿ. ಮೆಷೀನ್ ಲರ್ನಿಂಗ್ ಪ್ರಾಜೆಕ್ಟ್‌ನಲ್ಲಿ ಶೇಕಡ 99 ನಿಖರತೆ ಬಂದಿದೆ. ಸಾಕೇ?

ನಿಮಿಷಗಳಲ್ಲಿ ಬಹುಪಾಲು ಘಟನೆಯಿಲ್ಲದವೇ ಆಗಿರುವಾಗ ‘ಏನೂ ಆಗಿಲ್ಲ’ ಎಂದು ಸದಾ ಹೇಳುವ ಮಾದರಿಗೂ ಅಷ್ಟೇ ಅಂಕ ಬರುತ್ತದೆ. ಎಷ್ಟು ಘಟನೆಗಳು ಸಿಕ್ಕವು, ದಿನಕ್ಕೆ ಎಷ್ಟು ಸುಳ್ಳು, ಪತ್ತೆಗೆ ಸರಾಸರಿ ಎಷ್ಟು ನಿಮಿಷ, ಜಾಗದಲ್ಲಿ ಎಷ್ಟು ಮೀಟರ್ ತಪ್ಪು, ಬದಿ ಸರಿಯಾಗಿತ್ತೇ ಎಂಬ ಐದನ್ನೂ ಬೇರೆ ಬೇರೆಯಾಗಿ ವರದಿ ಮಾಡಿ. ತರಬೇತಿ ಮತ್ತು ಪರೀಕ್ಷೆಗೆ ದತ್ತಾಂಶದ ಸಾಲುಗಳನ್ನು ಯಾದೃಚ್ಛಿಕವಾಗಿ ಹಂಚದೆ ದಿನಗಳನ್ನೇ ಬೇರ್ಪಡಿಸಿ. ಇಲ್ಲದಿದ್ದರೆ ಒಂದೇ ಅಪಘಾತದ ನಿಮಿಷಗಳು ಎರಡೂ ಕಡೆ ಸೇರಿಕೊಳ್ಳುತ್ತವೆ. ಪೊಲೀಸ್ ದಾಖಲೆಯ ಸಮಯ ಸಾಮಾನ್ಯವಾಗಿ ಸುದ್ದಿ ತಲುಪಿದ ಸಮಯ, ಘಟನೆ ನಡೆದ ಸಮಯವಲ್ಲ. ಅದನ್ನು ಹಾಗೆಯೇ ಉತ್ತರವೆಂದು ಕಲಿಸಿದರೆ ಮಾದರಿ ತಡವಾಗಿ ಹೇಳುವುದನ್ನೇ ಕಲಿಯುತ್ತದೆ. ಅಭ್ಯಾಸಕ್ಕೆ ಕ್ಯಾಲಿಫೋರ್ನಿಯಾ ಸಾರಿಗೆ ಇಲಾಖೆಯ ‘ಪೆಮ್ಸ್’ ದತ್ತಾಂಶವೂ, ಜರ್ಮನಿಯಲ್ಲಿ ಹುಟ್ಟಿದ ‘ಸುಮೋ’ ಎಂಬ ಮುಕ್ತ ಸಂಚಾರ ಅನುಕರಣ ತಂತ್ರಾಂಶವೂ ಸಿಗುತ್ತವೆ. ಸುಮೋದಲ್ಲಿ ಬೋರಘಾಟಿನಂಥ ಏರನ್ನು ಕಟ್ಟಿ, ಒಂದು ಲೇನನ್ನು ಮುಚ್ಚಿ, ಕೆಲವು ಸಂವೇದಕಗಳನ್ನು ಬೇಕೆಂದೇ ಬಂದ್ ಮಾಡಿ ನೋಡಿ. ಉಳಿದವುಗಳಿಂದ ಜಾಗ ಎಷ್ಟು ಮೀಟರಿಗೆ ಸಿಗುತ್ತದೆ ಎಂಬ ಒಂದು ನಕ್ಷೆ ಆ ಶೇಕಡ 99ಕ್ಕಿಂತ ಹೆಚ್ಚು ಉಪಯುಕ್ತವಾದ ಫಲಿತಾಂಶ.